ಎದುರು ಮಂಚದವಳ ಮೊಣಕಾಲು

ಜುಲೈ 14, ಭಾನುವಾರ

ಅಮ್ಮಾ,

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ. ಒಂಬತ್ತನೇ ವಯಸ್ಸಿನಿಂದ ಪ್ರತಿ ಭಾನುವಾರ ಬರೆದೂ ಬರೆದೂ ಈ ಎರಡು ಸಾಲು ಪೆನ್ನಿಗೇ ಬಾಯಿಪಾಠವಾಗಿದೆ. ಸ್ಕೂಲ್ ಹಾಸ್ಟೆಲ್‌ನಲ್ಲಿ ಮೇಟ್ರನ್ ಓದಿದ ಮೇಲೆಯೇ ಲಕೋಟೆ ಅಂಟಿಸಬೇಕಿತ್ತು. ಈ ಕಾಲೇಜ್ ಹಾಸ್ಟೆಲ್‌ನಲ್ಲಿ ಯಾರೂ ಓದುವುದಿಲ್ಲ, ಆದರೂ ಕೈ ಅದನ್ನೇ ಬರೆಯುತ್ತದೆ.

ಫೋನ್ ಮಾಡಬಾರದೇ ಎಂದು ಕೇಳಿದ್ದೀಯ. ಫೋನಿನಲ್ಲಿ ನೀನು "ಮತ್ತೆ?" ಅನ್ನುತ್ತೀಯ, ನಾನು "ಮತ್ತೇನಿಲ್ಲ" ಅನ್ನುತ್ತೇನೆ, ಅಲ್ಲಿಗೆ ಫೋನ್ ಇಡುತ್ತೇವೆ. ಪತ್ರವೇ ವಾಸಿ.

ನೀನು ಚೀಟಿಯಲ್ಲಿ ಕಳಿಸಿದ್ದ ಈ ವಾರದ ಬೈಬಲ್ ವಾಕ್ಯ, ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕು ಎಂಬುದು. ಅದನ್ನು ಹೇಗೆ ಪಾಲಿಸಿದೆ ಎಂದು ಎಂದಿನಂತೆ ರಿಪೋರ್ಟ್ ಒಪ್ಪಿಸುತ್ತಿದ್ದೇನೆ. ನನ್ನ ರೂಮಿನ ಎದುರು ಮಂಚದವಳು ಮಂಗಳವಾರ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಬಲ ಮೊಣಕಾಲು ಊದಿದೆ. ನಾಲ್ಕು ದಿನ ಅವಳ ಬ್ಯಾಗನ್ನೂ ನನ್ನದನ್ನೂ ಹೊತ್ತು ಮೂರು ಮಹಡಿ ಹತ್ತಿದೆ. "ಕತ್ತೆಗೂ ಇಷ್ಟು ಹೊರಿಸಲ್ಲ ಕಣೇ" ಎಂದು ಅವಳು ನಗಿಸಿದಳು. ಭಾರ ಅನಿಸಲಿಲ್ಲ.

ಅನಾಟಮಿ ಕಷ್ಟ. ಮೂಳೆಗಳೆಲ್ಲ ಕನಸಲ್ಲಿ ಬಂದು ತಮ್ಮ ಹೆಸರು ಕೇಳುತ್ತವೆ.

ನಿನ್ನ
ಪುಟ್ಟಿ


ಅದೇ ದಿನ, ಸಂಜೆ
(ಕಳಿಸುವುದಕ್ಕಲ್ಲ)

ಎದುರು ಮಂಚದವಳೇ,

ಈ ಪತ್ರ ನಿನಗೆ ತಲುಪುವುದಿಲ್ಲ, ಏಕೆಂದರೆ ನೀನಿಲ್ಲ.

ಈ ರೂಮಿಗೆ ಬರಬೇಕಿದ್ದವಳು ಬೇರೆ ಕಾಲೇಜಿಗೆ ಸೇರಿದಳಂತೆ. "ಅದೃಷ್ಟ ಕಣಮ್ಮ, ರೂಮೆಲ್ಲಾ ನಿಂದೇ" ಎಂದರು ವಾರ್ಡನ್. ನಿನ್ನ ಮಂಚದ ಮೇಲೆ ಸುತ್ತಿಟ್ಟ ಹಾಸಿಗೆ ಇದೆ, ಅದರ ಹಗ್ಗವನ್ನೂ ಯಾರೂ ಬಿಚ್ಚಿಲ್ಲ. ಮೊದಲ ವಾರ ಅಮ್ಮ, "ರೂಮಿನವಳು ಹೇಗೆ?" ಎಂದು ಕೇಳಿದ್ದಳು. ಯಾರೂ ಇಲ್ಲ ಎಂದು ಬರೆದರೆ ಅವಳು ಎಷ್ಟು ಹೊತ್ತು ಆ ಸಾಲನ್ನೇ ನೋಡುತ್ತಾ ಕೂರುತ್ತಾಳೆ ಎಂದು ನನಗೆ ಗೊತ್ತು. "ಒಳ್ಳೆಯವಳು" ಎಂದು ಬರೆದೆ. ಒಂದೇ ಪದ. ಅದರಿಂದ ನೀನು ಹುಟ್ಟಿದೆ.

ಅಮ್ಮನ ವಾಕ್ಯಗಳಲ್ಲಿ ಒಂದು ತೊಂದರೆ ಇದೆ. ಒಂದನ್ನೂ ಒಬ್ಬಳೇ ಕೂತು ಮಾಡಲಾಗುವುದಿಲ್ಲ. ನೆರೆಯವರನ್ನು ಪ್ರೀತಿಸಬೇಕೆಂದರೆ ಮೊದಲು ನೆರೆಯವರು ಇರಬೇಕು. ಕ್ಷಮಿಸಬೇಕೆಂದರೆ ಯಾರಾದರೂ ಬೈದಿರಬೇಕು. ನನ್ನನ್ನು ಇಲ್ಲಿ ಇದುವರೆಗೆ ಯಾರೂ ಬೈದಿಲ್ಲ. ನಿಜವಾಗಿ ಪ್ರಯತ್ನಿಸಿದೆ. ಪಕ್ಕದ ರೂಮಿನವಳ ನೀರಿನ ಬಕೆಟ್‌ಗೆ ಕೈ ಹಾಕಿದೆ. "ಪರವಾಗಿಲ್ಲ, ಬಿಡಿ" ಎಂದಳು. ನನ್ನದೇ ವಯಸ್ಸು, ನನ್ನದೇ ಕ್ಲಾಸು, "ಬಿಡಿ" ಎಂದಳು. ಆ ವಾರ ಅಮ್ಮನಿಗೆ ಏನೆಂದು ರಿಪೋರ್ಟ್ ಕೊಡಲಿ? ಅದಕ್ಕೇ ನಿನ್ನನ್ನು ಮೆಟ್ಟಿಲ ಮೇಲಿಂದ ಬೀಳಿಸಬೇಕಾಯಿತು.

ನಿನ್ನ ಮೊಣಕಾಲು ನನ್ನ ಅನಾಟಮಿ ನೋಟ್ಸಿನ ನಲವತ್ತೆರಡನೆಯ ಪುಟದ್ದು. ನೋವಾಗಿದ್ದರೆ ಸಾರಿ.

ನಾನು


ಜುಲೈ 18, ಗುರುವಾರ

ಕೂಸೇ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಇಲ್ಲಿ ಹೊಸದಾಗಿ ಏನೂ ಇಲ್ಲ. ಆಸ್ಪತ್ರೆಯ ಲಾಂಡ್ರಿ ಎಂದ ಮೇಲೆ ಬರುವ ಬಟ್ಟೆ ಬರುತ್ತಲೇ ಇರುತ್ತದೆ, ಮಡಿಸುವುದು ಮುಗಿಯುವುದಿಲ್ಲ. ಆದರೆ ಇವತ್ತು ನಿನ್ನ ಗೆಳತಿಯಿಂದ ನಮಗೆಲ್ಲ ಒಂದು ಕೆಲಸ ಸಿಕ್ಕಿತು.

ಗುರುವಾರ ಊಟದ ಬಿಡುವಿನಲ್ಲಿ ನಾವು ಏಳು ಜನ ಬಟ್ಟೆ ಮಡಿಸುವ ಮೇಜಿನ ಹಿಂದೆ ನಿಂತು ಪ್ರಾರ್ಥನೆ ಮಾಡುತ್ತೇವಲ್ಲ, ಅಲ್ಲಿ ಗೋಡೆಯ ಮೊಳೆಗೆ ಒಂದು ಪಟ್ಟಿ ನೇತುಹಾಕಿದ್ದೇವೆ. ಯಾರಿಗೆ ಕಾಯಿಲೆ, ಯಾರಿಗೆ ಕಷ್ಟ, ಅವರ ಹೆಸರು ಅದರಲ್ಲಿ. ವಾಸಿಯಾದರೆ ಕೆಂಪು ಪೆನ್ಸಿಲ್‌ನಲ್ಲಿ ಗೀಟು. ನಾನು ನಿನ್ನ ಪತ್ರದ ವಿಷಯ ಹೇಳಿದ್ದೇ ತಡ, ನಮ್ಮ ಇಸ್ತ್ರಿ ಅಜ್ಜಿ, "ಬಲಗಾಲಾ? ನಂದೂ ಬಲಗಾಲೇ. ಬರಿ ಅವಳ ಹೆಸರನ್ನ" ಎಂದರು. ಹೆಸರು ನೀನು ಬರೆದೇ ಇಲ್ಲ. "ಎದುರು ಮಂಚದ ಹುಡುಗಿ" ಎಂದು ಬರೆದೆ.

ಅಜ್ಜಿ ಮೂವತ್ತೊಂದು ವರ್ಷ ಆ ಬಿಸಿ ಪ್ರೆಸ್ಸಿನ ಮುಂದೆ ನಿಂತೇ ಸವೆದವರು. ಅವರ ಮೊಣಕಾಲು ಮೆಟ್ಟಿಲು ಇಳಿಯುವಾಗ ಸದ್ದು ಮಾಡುತ್ತದೆ. ಅಂತೂ ಇಂತೂ ನಮ್ಮ ಡಾಕ್ಟರು ಸೆಪ್ಟೆಂಬರ್ ಇಪ್ಪತ್ತಕ್ಕೆ ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ.

ಊತ ಇಳಿಯಿತೇ? ಎಕ್ಸ್‌ರೇ ತೆಗೆಸಿದರೇ? ಅವಳ ತಾಯಿಗೆ ಗೊತ್ತೇ? ಬಿಸಿನೀರಿನ ಶಾಖ ಕೊಡಬೇಕೋ ಐಸೋ, ನಿಮ್ಮ ಪುಸ್ತಕದಲ್ಲಿ ಏನಿದೆ? ಮುಂದಿನ ಗುರುವಾರ ಕೇಳುತ್ತಾರೆ, ನಾನು ಬಾಯಿ ಬಾಯಿ ಬಿಡುವಂತೆ ಮಾಡಬೇಡ.

ಈ ವಾರದ ವಾಕ್ಯ: ಅಳುವವರ ಸಂಗಡ ಅಳಿರಿ.

ನಿನ್ನ
ಅಮ್ಮ


ಜುಲೈ 28, ಭಾನುವಾರ

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಮೊದಲು ಐಸ್, ಮೂರು ದಿನದ ಮೇಲೆ ಶಾಖ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿದೆ, ಆದರೆ ಒಳಗಿನ ಲಿಗಮೆಂಟ್ ಹರಿದಿರಬೇಕು ಎಂದರಂತೆ ಡಾಕ್ಟರು. ಕಾಲನ್ನು ಹಿಡಿದು ಮುಂದಕ್ಕೆ ಎಳೆದರೆ ಡ್ರಾಯರ್ ತೆರೆದ ಹಾಗೆ ಜಾರುತ್ತದೆ. ಆಪರೇಷನ್ ಬೇಕಾಗಬಹುದು. ಅವಳು ಅತ್ತಳು. ನಾನೂ ಅತ್ತೆ. ವಾಕ್ಯ ಆಯಿತು.

ಪುಟ್ಟಿ


ಅದೇ ದಿನ
(ಕಳಿಸುವುದಕ್ಕಲ್ಲ)

ನಿನ್ನನ್ನು ಇವತ್ತು ವಾಸಿ ಮಾಡಿಬಿಡಬೇಕೆಂದೇ ಪೆನ್ನು ಹಿಡಿದಿದ್ದೆ. ಆದರೆ ನೋಡು, ನೀನು ಬೀಳುವ ಮೊದಲು ಅಮ್ಮನ ಪತ್ರ ಅರ್ಧ ಪುಟ ಇರುತ್ತಿತ್ತು. ನೀನು ಬಿದ್ದ ಮೇಲೆ ಎರಡು ಪುಟ, ಎರಡೂ ಮಗ್ಗಲು, ಅಂಚಿನಲ್ಲೂ ಅಡ್ಡಡ್ಡ ಬರೆದಿದ್ದಾಳೆ. ನಾನು ಏಳು ಸಲ ಓದಿದೆ. ವಾಸಿಯಾದವಳ ಬಗ್ಗೆ ಯಾರು ಎರಡು ಪುಟ ಬರೆಯುತ್ತಾರೆ?

ಅತ್ತದ್ದು ಮಾತ್ರ ನಿಜ. ಯಾರ ಸಂಗಡ ಎಂಬುದೊಂದೇ ಸುಳ್ಳು.


ಆಗಸ್ಟ್ 22, ಗುರುವಾರ

ಕೂಸೇ,

ಬೇಗ ಬರೆಯಲಾಗಲಿಲ್ಲ, ಇಬ್ಬರು ರಜೆಯಲ್ಲಿದ್ದಾರೆ. ಈ ಕವರಿನಲ್ಲಿ ಒಂದು ಉಣ್ಣೆಯ ಮೊಣಕಾಲು ಪಟ್ಟಿ ಇದೆ. ಇಸ್ತ್ರಿ ಅಜ್ಜಿ ಹೆಣೆದದ್ದು, ಎದುರು ಮಂಚದವಳಿಗೆ. ಅಳತೆ ಗೊತ್ತಿಲ್ಲದೆ ತಮ್ಮ ಕಾಲಿಗೇ ಅಳೆದರು. "ದೊಡ್ಡದಾದ್ರೆ ಒಳಗೆ ಹತ್ತಿ ತುಂಬ್ಕೊಳ್ಳಲಿ" ಎಂದಿದ್ದಾರೆ.

ಅದಷ್ಟೇ ಅಲ್ಲ. ಆಪರೇಷನ್ ವಿಷಯ ಹೇಳಿದಾಗಿನಿಂದ ಅಜ್ಜಿ ಪ್ರತಿ ಶುಕ್ರವಾರ ಅವಳಿಗಾಗಿ ಉಪವಾಸ ಮಾಡುತ್ತಿದ್ದಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಬರೀ ನೀರು. "ಅಜ್ಜೀ, ನಿಮಗೆ ಶುಗರ್ ಇದೆ, ಬೇಡ" ಎಂದೆ. "ನಂಗೆ ಶುಗರ್ ಇದೆ, ಆ ಮಗೀಗೆ ಯಾರಿದಾರೆ?" ಎಂದು ನನ್ನ ಬಾಯಿ ಮುಚ್ಚಿಸಿದರು. ಕಳೆದ ಶುಕ್ರವಾರ ತಲೆ ಸುತ್ತಿ ಪ್ರೆಸ್ಸಿನ ಮೇಲೆ ಕೈ ಊರಿಬಿಟ್ಟರು. ಅಂಗೈ ತುಂಬಾ ಬೊಬ್ಬೆ. ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಬರುತ್ತಿದ್ದಾರೆ. ಇನ್ನೊಬ್ಬರ ಮಗಳಿಗಾಗಿ ಹೀಗೆ ಹಸಿದಿರುವವರನ್ನು ನಾನು ನೋಡಿಲ್ಲ. ಈ ವಿಷಯ ಅವಳಿಗೆ ಹೇಳು, ಧೈರ್ಯ ಬರುತ್ತದೆ.

ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೆ ಈ ಸಲ ಸುಲಭದ ವಾಕ್ಯ ಆರಿಸಿದ್ದೇನೆ: ಹೌದಾದರೆ ಹೌದು ಎನ್ನಿ, ಇಲ್ಲವಾದರೆ ಇಲ್ಲ ಎನ್ನಿ.

ನಿನ್ನ
ಅಮ್ಮ


ಸೆಪ್ಟೆಂಬರ್ 1, ಭಾನುವಾರ

ಅಮ್ಮಾ,

ಇಲ್ಲ.

ಎದುರು ಮಂಚದವಳು ಇಲ್ಲ. ಎಂದೂ ಇರಲಿಲ್ಲ. ಮಂಚ ಮಾತ್ರ ಇದೆ. ಜಾರಿ ಬಿದ್ದದ್ದು, ಬ್ಯಾಗು, ಎಕ್ಸ್‌ರೇ, ಎಲ್ಲ ನಾನು ಬರೆದದ್ದು. ಈ ಸಾಲನ್ನು ಐದು ಹಾಳೆಗಳಲ್ಲಿ ಬರೆದು ಹರಿದಿದ್ದೇನೆ, ಇದು ಆರನೆಯದು. ಏಕೆ ಎಂದು ವಿವರಿಸಿ ಎರಡು ಪುಟ ಬರೆದಿದ್ದೆ, ಓದಿದರೆ ಅದೂ ಇನ್ನೊಂದು ಕಥೆಯ ಹಾಗೆ ಕೇಳಿಸಿತು, ತೆಗೆದುಹಾಕಿದೆ.

ಅಜ್ಜಿಗೆ ಈ ಶುಕ್ರವಾರದೊಳಗೆ ಹೇಳು. ದಯವಿಟ್ಟು. ಅವರ ಕೈ ಹೇಗಿದೆ?

ಪುಟ್ಟಿ


ಸೆಪ್ಟೆಂಬರ್ 26, ಗುರುವಾರ

ಮಗಳೇ,

ಮೂರು ವಾರ ಪೆನ್ನು ಮುಟ್ಟಲಿಲ್ಲ. ಮೊದಲ ವಾರ ಕೋಪಕ್ಕೆ. ಎರಡನೆಯ ವಾರ ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು, ಸ್ಕೂಲಿನಲ್ಲಿ ಬರೆದವನ್ನೂ ತೆಗೆದು, ಇದರಲ್ಲಿ ಯಾವುದು ನಿಜ ಯಾವುದು ಸುಳ್ಳು ಎಂದು ಹುಡುಕುತ್ತಾ ಕೂತೆ. ಅದನ್ನು ಮಾಡಬಾರದಿತ್ತು.

ವಿಷಯ ಮುಗಿದಿದೆ. ಹನ್ನೆರಡನೇ ತಾರೀಕಿನ ಪ್ರಾರ್ಥನೆಯಲ್ಲಿ "ಆ ಹುಡುಗಿಗೆ ಆಪರೇಷನ್ ಇಲ್ಲದೇ ವಾಸಿ ಆಯ್ತಂತೆ" ಎಂದು ಹೇಳಿಬಿಟ್ಟೆ. ಆರು ಜನರ ಮುಂದೆ ನನ್ನ ಮಗಳು ಸುಳ್ಳುಗಾತಿ ಎಂದು ನನ್ನ ಬಾಯಿಂದಲೇ ಹೇಳಲೇ? ಎಲ್ಲರಿಗೂ ಸಂತೋಷವಾಯಿತು. ಅಜ್ಜಿ ತಾವೇ ಕೆಂಪು ಪೆನ್ಸಿಲ್ ತೆಗೆದುಕೊಂಡು ಗೀಟು ಎಳೆದರು. ಅವರು ಭಾನುವಾರ ಚರ್ಚಿನ ಸಭೆಯಲ್ಲಿ ಎದ್ದು ನಿಂತು, ಉಪವಾಸ ಕೇಳಿ ದೇವರು ಅವಳನ್ನು ವಾಸಿ ಮಾಡಿದ ಎಂದು ಸಾಕ್ಷಿಯನ್ನೂ ಹೇಳಿದರಂತೆ. ಉಪವಾಸದಲ್ಲಿ ಅವರಿಗೆ ಈಗ ಎಷ್ಟು ನಂಬಿಕೆ ಎಂದರೆ, ಇಪ್ಪತ್ತನೇ ತಾರೀಕು ತಮ್ಮ ಮೊಣಕಾಲಿನ ಆಪರೇಷನ್ನಿಗೇ ಹೋಗಲಿಲ್ಲ. "ಆ ಮಗೀಗೆ ಆಗಿದ್ದು ನನಗಾಗಲ್ವಾ" ಎಂದರು. ಈಗ ತಮ್ಮ ಕಾಲಿಗಾಗಿ ಉಪವಾಸ ಹಿಡಿದಿದ್ದಾರೆ.

ನಾನೇನು ಮಾಡಲಿ, ಹೇಳು. ಇನ್ನು ಈ ಮಾತು ಎತ್ತಬೇಡ. ಕಾಲ ಎಲ್ಲವನ್ನೂ ಮರೆಸುತ್ತದೆ.

ಈ ವಾರ ವಾಕ್ಯ ಇಲ್ಲ.

ಅಮ್ಮ


ಅಕ್ಟೋಬರ್ 6, ಭಾನುವಾರ

ಅಮ್ಮಾ,

ಇದರ ಜೊತೆ ಇನ್ನೊಂದು ಹಾಳೆ ಇದೆ, ಇಸ್ತ್ರಿ ಅಜ್ಜಿಗೆ. ಅವರಿಗೆ ಓದಲು ಬರುವುದಿಲ್ಲ, ಅವರ ಪತ್ರಗಳನ್ನೆಲ್ಲ ನೀನೇ ಓದಿ ಹೇಳುವುದು ಎಂದು ನನಗೆ ಗೊತ್ತು. ಬೇರೆ ಯಾರಿಗಾದರೂ ಕಳಿಸಿ ಓದಿಸಬಹುದಿತ್ತು. ನಿನ್ನ ಬೆನ್ನ ಹಿಂದೆ ಮಾಡುವುದು ಬೇಡವೆನಿಸಿತು. ಓದುತ್ತೀಯೋ ಒಲೆಗೆ ಹಾಕುತ್ತೀಯೋ ನಿನಗೆ ಬಿಟ್ಟದ್ದು. ನೀನು ಓದಲಿಲ್ಲ ಎಂದರೂ ನಾನು ಕೇಳುವುದಿಲ್ಲ.

ನನಗೆ ತುಂಬಾ ಭಯವಾಗುತ್ತಿದೆ ಅಮ್ಮ. ನಿನಗೂ ಆಗುತ್ತಿರುತ್ತದೆ.

ಪುಟ್ಟಿ


(ಜೊತೆಗಿನ ಹಾಳೆ)

ಇಸ್ತ್ರಿ ಅಜ್ಜಿಗೆ,

ನೀವು ನನ್ನನ್ನು ನೋಡಿಲ್ಲ. ನೀವು ಯಾರಿಗಾಗಿ ಹಸಿದಿದ್ದಿರೋ ಆ ಹುಡುಗಿಯ ಗೆಳತಿ ನಾನು ಎಂದು ಕೇಳಿದ್ದೀರಿ. ಆ ಹುಡುಗಿ ಇಲ್ಲ ಅಜ್ಜಿ. ನನ್ನ ರೂಮಿನಲ್ಲಿ ಯಾರೂ ಇಲ್ಲ. ಅಮ್ಮನಿಗೆ ಕೊಡಲು ಒಳ್ಳೆಯ ಸುದ್ದಿ ಇರಲಿಲ್ಲ, ಆದ್ದರಿಂದ ಒಬ್ಬಳನ್ನು ಸೃಷ್ಟಿಸಿ, ಅವಳಿಗೆ ನೋವು ಕೊಟ್ಟು, ನಾನು ಒಳ್ಳೆಯವಳಾದೆ.

ಅವಳು ವಾಸಿಯಾಗಲೂ ಇಲ್ಲ. ಇಲ್ಲದವಳು ವಾಸಿಯಾಗುವುದು ಹೇಗೆ? ಆದ್ದರಿಂದ ದಯಮಾಡಿ ಅವಳನ್ನು ನೋಡಿ ನಿಮ್ಮ ಆಪರೇಷನ್ ಬಿಡಬೇಡಿ. ಸವೆದ ಮೊಣಕಾಲು ಉಪವಾಸದಿಂದ ಬೆಳೆಯುವುದಿಲ್ಲ, ಇದನ್ನು ಮಾತ್ರ ನಾನು ಪುಸ್ತಕದಿಂದ ಓದಿಯೇ ಹೇಳುತ್ತಿದ್ದೇನೆ. ಶುಗರ್ ಇರುವವರು ಹಸಿದಿರಬಾರದು.

ನೀವು ಹೆಣೆದ ಪಟ್ಟಿ ನನ್ನ ಹತ್ತಿರ ಇದೆ. ಹಾಕಿಕೊಂಡಿಲ್ಲ. ಅದು ನನ್ನದಲ್ಲ.

ನಿಮ್ಮ ಕೈಯ ಬೊಬ್ಬೆಗೆ ಕಾರಣ ನಾನು. ಕ್ಷಮಿಸಿ.

ಲಾಂಡ್ರಿಯ ಮಡಿಸುವ ಮೇಜಿನವಳ ಮಗಳು


ಅಕ್ಟೋಬರ್ 31, ಗುರುವಾರ

ಏ ಹುಡುಗಿ,

ನಾನು ಇಸ್ತ್ರಿ ಅಜ್ಜಿ. ಹೇಳ್ತಿರೋದು ನಾನು, ಬರೀತಿರೋದು ನಿಮ್ಮಮ್ಮ. ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು ಅಂತ ಅವಳ ಹತ್ತಿರ ಮಾತು ತಗೊಂಡಿದ್ದೀನಿ. ಪಕ್ಕದಲ್ಲಿ ಪೊಲೀಸ್ ತರ ಕೂತಿದ್ದೀನಿ.

ನಿನ್ನ ಕಾಗದ ಬಂದು ಎರಡು ವಾರ ನಿಮ್ಮಮ್ಮನ ಏಪ್ರನ್ ಜೇಬಲ್ಲೇ ಇತ್ತು. ದಿನಾ ಜೇಬು ಮುಟ್ಟಿ ನೋಡ್ಕೊಳ್ಳೋಳು. ನಾನು, ಏನೋ ಹಲ್ಲುನೋವಿನ ಮಾತ್ರೆ ಇರಬೇಕು ಅಂದ್ಕೊಂಡಿದ್ದೆ. ಆಮೇಲೆ ಒಂದು ದಿನ ಪ್ರೆಸ್ ಆರಿಸಿದ ಮೇಲೆ ಬಂದು, "ಅಜ್ಜೀ, ನಿಮಗೊಂದು ಕಾಗದ" ಅಂದಳು. ಓದಿದಳು. ನಡುವೆ ಒಂದು ಕಡೆ ನಿಲ್ಲಿಸಿ, ಮುಂದಕ್ಕೆ ಹಾರಿದಳು. ನನಗೆ ಅಕ್ಷರ ಬರಲ್ಲ, ಆದರೆ ಓದೋರ ಕಣ್ಣು ಸಾಲು ಬಿಟ್ಟಿದ್ದು ಗೊತ್ತಾಗುತ್ತೆ. "ಬಿಟ್ಟಿದ್ದನ್ನ ಓದೇ" ಅಂದೆ. ಅವಳು ವಾಸಿಯಾಗಲೂ ಇಲ್ಲ ಅಂತ ಓದಿದಳು.

"ಹಂಗಾದ್ರೆ ವಾಸಿ ಆಯ್ತು ಅಂದಿದ್ದು ಯಾರು?" ಅಂದೆ.

"ನಾನು" ಅಂದಳು. ನೆಪ ಹೇಳಲಿಲ್ಲ, ಅಳಲಿಲ್ಲ. ಅದೊಂದು ಮೆಚ್ಚಿದೆ.

ಆಮೇಲಿನ ಗುರುವಾರ ಎಲ್ಲರ ಮುಂದೆನೂ ಹೇಳಿದಳು. ಇಬ್ಬರು ಅವಳ ಹತ್ತಿರ ಈಗ ಮಾತಾಡಲ್ಲ. ಈ ಸಾಲು ಬರೆಯಲ್ಲ ಅಂತ ಹಟ ಮಾಡಿದಳು, ನಾನೇ ಬರೆಸಿದ್ದೀನಿ. ನಾನು ಸಭೆಯಲ್ಲಿ ಎದ್ದು ನಿಂತು, ಹೋದ ಸಲ ಹೇಳಿದ್ದ ಸಾಕ್ಷಿ ವಾಪಸ್ ತಗೊಂಡೆ. ಸಾಕ್ಷಿ ವಾಪಸ್ ತಗೊಳ್ಳೋ ಪದ್ಧತಿ ಇಲ್ಲವಂತೆ. ಇನ್ಮೇಲೆ ಇರುತ್ತೆ.

ಈಗ ನಿನ್ನ ವಿಷಯ. ಕ್ಷಮಿಸಿ ಅಂತ ಬರೆದಿದ್ದೀಯ. ಇವತ್ತು ಆಗಲ್ಲ. ನನಗೆ ಕೋಪ ಇದೆ. ಆರು ಶುಕ್ರವಾರ ನಿನ್ನ ಗಾಳಿಗೊಂಬೆಗೋಸ್ಕರ ಹಸಿದಿದ್ದೀನಿ. ಬೈಬಲಲ್ಲಿ ಕ್ಷಮಿಸಬೇಕು ಅಂತ ಬರೆದಿದೆ, ಎಷ್ಟು ಸಲ ಕ್ಷಮಿಸಬೇಕು ಅಂತನೂ ಬರೆದಿದೆ, ಯಾವ ವಾರದೊಳಗೆ ಅಂತ ಬರೆದಿಲ್ಲ. ಬರೋ ವಾರ ನೀನು ಮತ್ತೆ ಕೇಳು. ಅದರ ಮುಂದಿನ ವಾರನೂ ಕೇಳು. ಕೇಳ್ತಾ ಇರು, ನಾನೂ ಪ್ರಯತ್ನ ಪಡ್ತೀನಿ.

ಡಾಕ್ಟರ ಹತ್ತಿರ ಹೋಗಿದ್ದೆ. ಚೆನ್ನಾಗಿ ಬೈದು ಫೆಬ್ರವರಿಗೆ ದಿನ ಕೊಟ್ಟರು. ಅಲ್ಲಿವರೆಗೆ ಕುಂಟೋದೇ. ಕುಂಟಿದಾಗೆಲ್ಲ ನಿನ್ನ ನೆನಪಾಗುತ್ತೆ. ಒಳ್ಳೆ ಮಾತಲ್ಲಿ ನೆನೀತೀನಿ ಅಂತ ಹೇಳಲಾರೆ.

ಇನ್ನೊಂದು ಕೇಳಬೇಕು. ನಿಮ್ಮಮ್ಮ ಕೇಳೋದಿಲ್ಲ, ಅವಳಿಗೆ ಉತ್ತರದ ಭಯ. ಆ ಹುಡುಗಿ ಇಲ್ಲ ಅಂದ ಮೇಲೆ, ನೀನು ಊಟಕ್ಕೆ ಯಾರ ಜೊತೆ ಕೂರ್ತೀಯ? ಅದನ್ನ ಬರಿ. ಇದ್ದದ್ದು ಇದ್ದ ಹಾಗೆ.

ಇಸ್ತ್ರಿ ಅಜ್ಜಿ
(ಹೆಬ್ಬೆಟ್ಟು ಒತ್ತಿದ್ದೀನಿ. ಕೈ ವಾಸಿಯಾಗಿದೆ.)

ಕೂಸೇ, ಅವರು ನೀರು ಕುಡಿಯಲು ಎದ್ದು ಹೋಗಿದ್ದಾರೆ. ಆ ಇಬ್ಬರ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಬಿಟ್ಟೆ. ಸ್ವಲ್ಪ ಕಷ್ಟವಾಗಿದೆ. ಬಂದರು. — ಅಮ್ಮ


ನವೆಂಬರ್ 10, ಭಾನುವಾರ

ಇಸ್ತ್ರಿ ಅಜ್ಜಿಗೆ (ಓದುತ್ತಿರುವ ಅಮ್ಮನಿಗೂ),

ಯಾರ ಜೊತೆಯೂ ಕೂರುವುದಿಲ್ಲ.

ಇಲ್ಲಿನ ಊಟದ ಹಾಲಿನಲ್ಲಿ ಒಂಬತ್ತು ಉದ್ದ ಮೇಜುಗಳಿವೆ. ಯಾರು ಎಲ್ಲಿ ಕೂರಬೇಕೆಂದು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು. ನಾನು ಕೊನೆಯ ಮೇಜಿನ ತುದಿಯಲ್ಲಿ, ನೀರಿನ ಫಿಲ್ಟರ್ ಪಕ್ಕ ಕೂರುತ್ತೇನೆ. ನನ್ನ ಪಕ್ಕದ ಮೂರು ಕುರ್ಚಿ ಖಾಲಿ ಇರುತ್ತವೆ. ಹತ್ತು ನಿಮಿಷದಲ್ಲಿ ಊಟ ಮುಗಿಯುತ್ತದೆ, ಆದರೆ ಬೇಗ ಎದ್ದರೆ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ನಿಧಾನವಾಗಿ ತಿನ್ನುತ್ತೇನೆ. ಇಷ್ಟು ದಿನ ಅನಾಟಮಿ ಪುಸ್ತಕ ತೆರೆದಿಟ್ಟುಕೊಳ್ಳುತ್ತಿದ್ದೆ, ಓದುವುದಕ್ಕಾಗಿ ಒಬ್ಬಳೇ ಕೂತಿದ್ದಾಳೆ ಎಂದು ಅಂದುಕೊಳ್ಳಲಿ ಎಂದು. ಒಂದು ಪುಟವನ್ನೂ ಓದಿಲ್ಲ. ಅದೂ ಒಂದು ಬಗೆಯ ಸುಳ್ಳೇ ಅಲ್ಲವೇ? ನಿಮ್ಮ ಕಾಗದ ಬಂದ ಮೇಲೆ ಪುಸ್ತಕ ಒಯ್ಯುವುದನ್ನು ಬಿಟ್ಟಿದ್ದೇನೆ. ಈಗ ಕಣ್ಣನ್ನು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ. ತಟ್ಟೆಯನ್ನೇ ನೋಡುತ್ತೇನೆ.

ನೀರು ಹಿಡಿಯಲು ಬರುವವರಿಗೆ ನನ್ನ ಕುರ್ಚಿ ಅಡ್ಡ. ಬೇರೆ ಕಡೆ ಕೂರಬಹುದು, ಜಾಗ ಬೇಕಾದಷ್ಟಿದೆ. ಆದರೆ ಅಲ್ಲಿ ಕೂತರೆ ದಿನಕ್ಕೆ ಹತ್ತು ಹನ್ನೆರಡು ಜನ "ಸ್ವಲ್ಪ ಸರೀರಿ" ಅನ್ನುತ್ತಾರೆ. ಸರಿಯುತ್ತೇನೆ. ಅಷ್ಟು ಮಾತು ಆಗುತ್ತದೆ. ಅದಕ್ಕೇ ಅಲ್ಲಿ ಕೂರುತ್ತೇನೆ ಎಂದು ಇದನ್ನು ಬರೆಯುವಾಗ ಗೊತ್ತಾಯಿತು.

ಈ ವಾರವೂ ಕೇಳುತ್ತಿದ್ದೇನೆ, ಕ್ಷಮಿಸಿ.

ನಿನ್ನೆ ಒಬ್ಬಳು ನೀರು ಹಿಡಿದ ಮೇಲೂ ಹೋಗದೆ ಅಲ್ಲೇ ನಿಂತು ಕುಡಿದಳು. "ಪುಸ್ತಕ ಎಲ್ಲಿ?" ಅಂದಳು. "ತಂದಿಲ್ಲ" ಅಂದೆ. "ಓ" ಅಂದಳು. ಲೋಟ ತೊಳೆದಿಟ್ಟು ಹೋದಳು. ನಡೆದದ್ದು ಇಷ್ಟೇ. ಇದಕ್ಕೆ ಇನ್ನೊಂದು ಮಾತು ಸೇರಿಸಬೇಕೆಂದು ಕೈ ತುಡಿಯುತ್ತಿದೆ. ಸೇರಿಸುತ್ತಿಲ್ಲ.

ಪುಟ್ಟಿ